ನಡುವಿನ ಕೆಂಪು ತುಂಡು

ಮಳೆಗಾಲ ಕಳೆದು ಮೊದಲ ಒಳ್ಳೆಯ ಬಿಸಿಲು ಬಿದ್ದ ದಿನ ನಾನು ಪೆಟ್ಟಿಗೆಯಿಂದ ಅಜ್ಜಿಯ ಕೌದಿಯನ್ನು ತೆಗೆದು ಅಂಗಳದ ಹಗ್ಗಕ್ಕೆ ಹಾಕುತ್ತೇನೆ. ಎಷ್ಟು ನುಸಿಗುಳಿಗೆ ಇಟ್ಟರೂ, ಎಷ್ಟು ಸಲ ಸೋಪಿನಲ್ಲಿ ನೆನೆಸಿ ಒಗೆದರೂ, ಬಿಸಿಲು ತಾಗಿದ ಕೂಡಲೇ ಅದರೊಳಗಿಂದ ಹಳೆಯ ಮೀನುನೀರಿನ ವಾಸನೆ ಏಳುತ್ತದೆ. ಪಕ್ಕದ ಮನೆಯವರು ಮೂಗು ಮುಚ್ಚಿಕೊಂಡರೆ ಮುಚ್ಚಿಕೊಳ್ಳಲಿ. ನಿಮ್ಮ ಮನೆಯಲ್ಲೂ ಸತ್ತವರ ಒಂದು ಸೀರೆಯೋ ಶಾಲೋ ಇದ್ದೀತು, ಬಾಗಿಲು ಹಾಕಿಕೊಂಡು ನೀವೂ ಅದನ್ನು ಮೂಸಿ ನೋಡಿದ್ದೀರಿ. ನನಗೆ ಆ ವಾಸನೆಯೆಂದರೆ ಮಾವಿನಕುರ್ವೆ ನಡುಗಡ್ಡೆಯ ನಮ್ಮ ಹೆಂಚಿನ ಮನೆ, ಹಿತ್ತಿಲ ತುದಿಗೆ ಬಂದು ಹೋಗುವ ಶರಾವತಿಯ ಉಪ್ಪುನೀರು, ಜಗಲಿಯಲ್ಲಿ ಕಾಲು ಚಾಚಿ ಕೂತು ಸೂಜಿಗೆ ದಾರ ಪೋಣಿಸಿ ಕೊಡೆಂದು ನನ್ನನ್ನು ಕರೆಯುತ್ತಿದ್ದ ಅಜ್ಜಿ. ಆ ಮನೆ ಈಗಿಲ್ಲ, ಅಜ್ಜಿಯೂ ಇಲ್ಲ.

ಆ ಕೌದಿಗೆ ಸಿಕ್ಕಸಿಕ್ಕ ಬಟ್ಟೆ ಸೇರುತ್ತಿರಲಿಲ್ಲ. ನಮ್ಮ ಮನೆತನದ ಹೆಂಗಸರು ಮೀನಿನ ಬುಟ್ಟಿ ಹೊರುವಾಗ ಹಳೆಯ ಸೀರೆಯ ತುಂಡನ್ನು ತಿರುಚಿ, ಸುತ್ತಿ, ಸಿಂಬೆ ಮಾಡಿ ತಲೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ಒಬ್ಬಳು ಬುಟ್ಟಿ ಹೊರುವುದನ್ನು ಬಿಟ್ಟಾಗ, ಇಲ್ಲವೇ ತೀರಿಕೊಂಡಾಗ, ಅವಳ ಸಿಂಬೆಯನ್ನು ಬಿಚ್ಚಿ, ಒಗೆದು, ಕೌದಿಗೆ ಹೊಲಿಯಬೇಕು. ವರ್ಷಗಟ್ಟಲೆ ತಿರುಚಿದ ಬಟ್ಟೆಯಲ್ಲಿ ಓರೆಯಾಗಿ ಬಿಳಿಚಿದ ಗೆರೆಗಳು ಉಳಿದುಬಿಡುತ್ತಿದ್ದವು. ಮಳೆಗಾಲದ ಮಧ್ಯಾಹ್ನಗಳಲ್ಲಿ, ದೋಣಿಗಳೆಲ್ಲ ದಡ ಸೇರಿ ಗಂಡಸರು ಬಲೆ ಕಟ್ಟುತ್ತಾ ಕೂತಿರುವಾಗ, ಅಜ್ಜಿ ನನ್ನನ್ನು ಪಕ್ಕಕ್ಕೆ ಎಳೆದುಕೊಂಡು ಒಂದೊಂದೇ ತುಂಡಿನ ಮೇಲೆ ಬೆರಳಿಟ್ಟು ಕತೆ ಹೇಳುತ್ತಿದ್ದಳು. ಹಸಿರು ಚೌಕಳಿಯದು ಅವಳ ಅಕ್ಕ ಸುಕ್ರಿಯದು. ಮೀನಿನ ಬುಟ್ಟಿಯನ್ನು ಬಸ್ಸಿಗೆ ಹತ್ತಿಸುವುದಿಲ್ಲ ಎಂದ ಕಂಡಕ್ಟರನ ಎದುರು, ಬಸ್ಸಿನ ಮುಂದೆಯೇ ಬುಟ್ಟಿಯಿಟ್ಟು ಕೂತು, ಹೊನ್ನಾವರದಿಂದ ಗೇರುಸೊಪ್ಪೆಯ ದಾರಿಗೆ ಬಂಗಡೆ ಒಯ್ದ ಮೊದಲ ಹೆಂಗಸು. ನಡುಮಧ್ಯದ ದೊಡ್ಡ ಕೆಂಪು ತುಂಡು ಬಂದಾಗ ಅಜ್ಜಿಯ ದನಿಯೇ ಬದಲಾಗುತ್ತಿತ್ತು. "ಇದು ನಂದು" ಎಂದು ಅದನ್ನು ಅಂಗೈಯಿಂದ ತಟ್ಟುತ್ತಿದ್ದಳು. ಬಂದರಿನ ಹರಾಜಿನಲ್ಲಿ ಗಂಡಸರೇ ದರ ಕೂಗಿ ಮೀನು ಕೊಂಡು, ಹೆಂಗಸರಿಗೆ ಹೆಚ್ಚಿಗೆ ಮಾರುತ್ತಿದ್ದ ಕಾಲದಲ್ಲಿ, ಅವಳು ಅವರ ನಡುವೆ ನುಗ್ಗಿ ನಿಂತು ತಾನೇ ದರ ಕೂಗಿದ್ದಳಂತೆ. ಯಾರೋ ಸೆರಗು ಎಳೆದರೂ ಹಿಂದೆ ಸರಿಯಲಿಲ್ಲವಂತೆ. ನನಗೆ ರೋಮಾಂಚನವಾಗುತ್ತಿತ್ತು.

ನನ್ನ ಆಯಿ, ನನ್ನ ಹೆತ್ತವಳು, ನನಗೆ ಬುದ್ಧಿ ಬರುವ ಮೊದಲೇ ಜ್ವರದಲ್ಲಿ ತೀರಿಕೊಂಡವಳು. ಅವಳದೊಂದು ಫೋಟೊ ಕೂಡ ಮನೆಯಲ್ಲಿರಲಿಲ್ಲ. "ನಮ್ಮ ಆಯಿದು ಯಾವ್ದೇ ಅಜ್ಜಿ?" ಎಂದು ಕೇಳಿದರೆ ಅಜ್ಜಿ ಅಂಚಿನ ನೀಲಿ ತುಂಡನ್ನು ತೋರಿಸುತ್ತಿದ್ದಳು. ಅದಕ್ಕೆ ಕತೆ ಇರಲಿಲ್ಲ. "ಅವ್ಳು ಪಾಪದವ್ಳು, ಹೊರಗೆ ಹೋದವ್ಳೇ ಅಲ್ಲ" ಎಂದು ಮುಗಿಸುತ್ತಿದ್ದಳು. ಕತೆ ಇಲ್ಲದಿದ್ದರೇನು, ನನಗೆ ಆ ನೀಲಿಯೇ ಸಾಕಾಗಿತ್ತು. ಅದಕ್ಕೆ ಕೆನ್ನೆಯಿಟ್ಟೇ ಮಲಗುತ್ತಿದ್ದೆ, ಶಾಲೆಯಲ್ಲಿ ಯಾರಾದರೂ ತಬ್ಬಲಿ ಎಂದ ದಿನ ಅದನ್ನೇ ಬಾಯಿಗೆ ತುರುಕಿಕೊಂಡು ಅಳುತ್ತಿದ್ದೆ. ನನಗೆ ಹೊದಿಸುವಾಗ ನೀಲಿ ನನ್ನ ಮುಖದ ಕಡೆ ಬರುವಂತೆ ಅಜ್ಜಿಯೇ ಕೌದಿಯನ್ನು ತಿರುಗಿಸಿ ಹೊದಿಸುತ್ತಿದ್ದಳು. ಆ ತಿರುಗಿಸುವಿಕೆಯನ್ನು ಮಾತ್ರ ನನಗೆ ಇಂದಿಗೂ ಕ್ಷಮಿಸಲಾಗಿಲ್ಲ.

ಈಗ ನಾನು ಕುಮಟಾ ಕಡೆಯ ಒಂದು ಶಾಲೆಯಲ್ಲಿ ಟೀಚರು. ನನ್ನ ತರಗತಿಯ ಮಕ್ಕಳಲ್ಲಿ ಅರ್ಧಕ್ಕರ್ಧ ಅಘನಾಶಿನಿಯಲ್ಲಿ ಚಿಪ್ಪು ಹೆಕ್ಕುವವರ ಮನೆಯವರು. ಪುಸ್ತಕದ ರಾಣಿಯರ ಕತೆಗೆ ಆಕಳಿಸುವ ಮಕ್ಕಳು, ಕೌದಿ ಬಿಚ್ಚಿ ಹಾಸಿದರೆ ಸುತ್ತ ಮುತ್ತಿಕೊಳ್ಳುತ್ತಿದ್ದರು. ಗೆರೆ ಹೇಗೆ ಬಿತ್ತು, ಭಾರ ಎಲ್ಲಿ ಕೂತಿತು ಎಂದು ಬೆರಳಾಡಿಸಿ ಕಲಿಯಿರಿ ಎನ್ನುತ್ತಿದ್ದೆ. ಕಳೆದ ವರ್ಷ ಒಬ್ಬ ಹುಡುಗಿ ಹಾಗೆ ಬೆರಳಾಡಿಸುತ್ತಾ ನೀಲಿಯ ಹತ್ತಿರ ನಿಂತಳು.

"ಟೀಚರ್, ಇದ್ಕೆ ಗೆರೆನೇ ಇಲ್ಲ. ನಿಮ್ಮ ಆಯಿ ಬುಟ್ಟಿ ಹೊತ್ತಿರ್ಲಿಲ್ವಾ?"

ಬುಟ್ಟಿ ಹೊರದವಳ ಬಟ್ಟೆ ಈ ಕೌದಿಗೆ ಸೇರುವುದೇ ಇಲ್ಲವಲ್ಲ! ಇಷ್ಟು ವರ್ಷ ಕಣ್ಣೆದುರಿಗಿದ್ದದ್ದು ನನಗೆ ಹೊಳೆದಿರಲಿಲ್ಲ. ಆ ಭಾನುವಾರವೇ ಕೌದಿ ಹಿಡಿದುಕೊಂಡು ಹೊನ್ನಾವರಕ್ಕೆ, ಅಪ್ಪನ ತಂಗಿ ಮಾದೇವಿ ಅತ್ತೆಯ ಮನೆಗೆ ಹೋದೆ. ಅತ್ತೆ ಸೀಗಡಿಯ ಸಿಪ್ಪೆ ಬಿಡಿಸುತ್ತಾ ಕೂತಿದ್ದಳು. ನೀಲಿಯನ್ನು ನೋಡಿ ನಕ್ಕೇಬಿಟ್ಟಳು. "ಇದಾ? ನನ್ನ ಮದುವಿಗೆ ತಂದ ರವಕೆ ಕಣದಲ್ಲಿ ಉಳ್ದದ್ದು."

"ಹಾಗಾದ್ರೆ ಆಯಿದು?"

ಅತ್ತೆ ಕೆಂಪು ತುಂಡಿನ ಕಡೆ ಗದ್ದ ಎತ್ತಿ ತೋರಿಸಿದಳು. "ಹರಾಜು ಕೂಗಿದ್ದು ನಿನ್ನ ಆಯಿ. ಗಂಡಸ್ರ ನಡುವೆ ನಿಂತು ಮರ್ಯಾದೆ ಕಳ್ದಳು ಅಂತ ಅವ್ಳು ಸಾಯೂವರೆಗೂ ನಮ್ಮ ಅಬ್ಬಿ, ನಿನ್ನ ಅಜ್ಜಿ, ಸರಿಯಾಗಿ ಮಾತಾಡ್ಲಿಲ್ಲ. ಆಮೇಲೆ ಊರ ಹೆಂಗಸ್ರೆಲ್ಲ ಕೂಗೂಕೆ ಶುರುಮಾಡಿ, ಅದೇ ದೊಡ್ಡಸ್ತಿಕೆ ಆತು. ಆಗ ಅಬ್ಬಿ ನಂದು ಅಂದ್ಲು."

"ನೀವ್ಯಾರೂ ನಂಗೆ ಹೇಳ್ಲಿಲ್ಲ."

"ಸಣ್ಣ ಹುಡುಗಿಗೆ ಎಂತ ಹೇಳೂದು? ಆಮೇಲೆ ನೀ ಅಜ್ಜಿ ಅಜ್ಜಿ ಅಂತ ಮಕ್ಕಳಿಗೆ ಪಾಠ ಮಾಡೂಕೆ ಹತ್ತಿದೆ. ಆತು ಬಿಡು ಅಂದ್ಕಂಡೆ."

ಅಂದರೆ ಕುರ್ವೆಗೆ ಕುರ್ವೆಯೇ ಬಾಯಿ ಮುಚ್ಚಿಕೊಂಡಿತ್ತು. ಅಪ್ಪನಿಗೂ ಗೊತ್ತಿತ್ತು. ಅಜ್ಜಿ ನನಗೆ ತುತ್ತಿಟ್ಟವಳು, ಹೇನು ಹೆಕ್ಕಿದವಳು, ಜ್ವರ ಬಂದಾಗ ತಾನು ಉಪವಾಸ ಬಿದ್ದವಳು. ಅಷ್ಟೆಲ್ಲ ಕೊಟ್ಟವಳು ನನ್ನ ಆಯಿಯನ್ನು ಮಾತ್ರ ಕದ್ದು, ತಾನೇ ಉಟ್ಟುಕೊಂಡು, ಬದಲಿಗೆ ಒಂದು ರವಿಕೆ ಚೂರನ್ನು ಕೈಗಿತ್ತಳು. ಜಗಳವಾಡೋಣವೆಂದರೆ ಎದುರಿಗೆ ಅವಳಿಲ್ಲ.

ಮರುವಾರ ತರಗತಿಯಲ್ಲಿ ಕೌದಿ ಹಾಸಿ, ದರ ಕೂಗಿದವಳು ನನ್ನ ಆಯಿ ಗಿರಿಜಾ ಎಂದು ಮಕ್ಕಳಿಗೆ ಹೇಳಿದೆ. ಮಕ್ಕಳು ಚಪ್ಪಾಳೆ ತಟ್ಟಿದರು, ಆ ಹುಡುಗಿ ಎಲ್ಲರಿಗಿಂತ ಜೋರಾಗಿ. ಅವರಿಗೆ ಅದು ಅಷ್ಟು ಸುಲಭವಾಯಿತು. ಎಲ್ಲರೂ ಮನೆಗೆ ಹೋದ ಮೇಲೆ ಬಾಗಿಲು ಹಾಕಿ, ನೆಲದ ಮೇಲೆ ಕೂತು, ಕೆಂಪು ತುಂಡಿಗೆ ಮುಖವೊತ್ತಿದೆ. ಅಲ್ಲಿ ಗೆರೆಗಳಿದ್ದವು, ಉಪ್ಪಿತ್ತು, ನನ್ನ ಆಯಿಯ ತಲೆಯ ಭಾರವಿತ್ತು. "ಆಯಿ" ಎಂದು ಕರೆದೂ ನೋಡಿದೆ. ಕಣ್ಣು ಮುಚ್ಚಿದರೆ ಬಂದದ್ದು, ಅಂಗೈಯಿಂದ ಅದನ್ನು ತಟ್ಟುತ್ತಾ ಕೂತ ಅಜ್ಜಿ.