ವೇಟಿಂಗ್ ಲಿಸ್ಟಿನ ನಂಜಮಣಿ

ಗುಂಡ್ಲುಪೇಟೆಯ ನನ್ನ ಎಸ್‌ಟಿಡಿ ಬೂತಿಗೆ ನಂಜಮಣಿ ಆ ಜುಲೈ ತಿಂಗಳಿಡೀ ತಪ್ಪದೆ ಬರುತ್ತಿದ್ದಳು. ಹರವೆಯಿಂದ ಬಂದು, ಒಂದು ರೂಮು ಹಿಡಿದು, ಶಿಶುವಿಹಾರದಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಈ ಬಿ.ಎ. ಹುಡುಗಿಗೆ ಮೈಸೂರಿನಲ್ಲಿ ಸಮಾಜಸೇವೆಯ ಎಂ.ಎಸ್.ಡಬ್ಲ್ಯೂ. ಓದುವ ಹಂಬಲ. ವೇಟಿಂಗ್ ಲಿಸ್ಟಿನಲ್ಲಿ ಮೊದಲ ವರ್ಷ ಒಂಬತ್ತನೆಯವಳು, ಮರುವರ್ಷ ಐದನೆಯವಳು, ಆ ಸಲ, ಅಂದರೆ ತೊಂಬತ್ತಾರನೇ ಇಸವಿಯಲ್ಲಿ, ಎರಡನೆಯವಳು. ಯಾರಾದರೂ ಊರು ಕೇಳಿದರೂ ನಂಬರನ್ನೇ ಹೇಳಿಬಿಡುವಳೇನೋ ಅನ್ನಿಸುತ್ತಿತ್ತು. "ಯಾರಾದ್ರೂ ಸೀಟು ಬಿಟ್ರಾ ಸಾರ್?" ಎಂದು ಮೈಸೂರಿನ ಪ್ರವೇಶ ಕಚೇರಿಗೆ ಫೋನು ಮಾಡಿ ಕೇಳುವಳು. ಇಲ್ಲವೆಂದರೆ ನನ್ನತ್ತ ತಿರುಗಿ, "ಇನ್ನೂ ಟೈಮದೆ ಕಣಕ್ಕ" ಎಂದು ನನಗೇ ಸಮಾಧಾನ ಹೇಳುವಳು. ಬೂತಿನ ಬೆಂಚಿನ ಮೇಲೆ ಕೂತು ವಿಧವೆಯರಿಗೆ ಪಿಂಚಣಿ ಅರ್ಜಿ ತುಂಬಿಕೊಟ್ಟು, "ಓದ್ಕಂಡು ಬಂದ್ಮೇಲೆ ಇನ್ನೂ ಚೆನ್ನಾಗಿ ಬರ್ಕೊಡ್ತೀನಿ ಕಣವ್ವ" ಎಂದು ತಪ್ಪು ಮಾಡಿದವಳಂತೆ ಹೇಳುವಳು. ಅವರೆಲ್ಲ ಎದ್ದು ಹೋದರೂ ಇವಳು ಮಾತ್ರ ಕೂತೇ ಇರುವಳು. ರೂಮಿನಲ್ಲಿ ಮಾತಾಡಲು ಯಾರೂ ಇರಲಿಲ್ಲ. ಪ್ರವೇಶ ಮುಗಿಯುವ ದಿನ ಒಂದೇ ಒಂದು ಸೀಟು ಖಾಲಿಯಾಗಿ, ಅದು ಮೊದಲ ನಂಬರಿನವರ ಪಾಲಾಯಿತೆಂದು ಆ ಕಡೆಯ ಗುಮಾಸ್ತ ಹೇಳಿದ್ದು ನನಗೂ ಕೇಳಿಸಿತು. ನಂಜಮಣಿ, "ಹುಡುಗೀನಾ ಸಾರ್? ಹಾಸ್ಟೆಲ್ ಸಿಕ್ತಾ?" ಎಂದು ವಿಚಾರಿಸಿ ಫೋನಿಟ್ಟಳು. ನಾನು ಒಂದು ಲೋಟ ನೀರು ಕೊಟ್ಟೆ. ಕುಡಿಯದೆ ಅದನ್ನು ಕೈಯಲ್ಲೇ ಹಿಡಿದುಕೊಂಡು ಅವಳೆಂದಳು: "ಉಡ್ಗೀನೇ ಅಂತೆ ಕಣಕ್ಕ. ಆಸ್ಟಲೂ ಸಿಕ್ತಂತೆ. ಸದ್ಯ, ಒಬ್ಳೇ ಇರೋದು ತಪ್ತು ಬುಡು."