ತಟ್ಟೆಯ ಅಂಚಿನ ಕ್ಯಾಪ್ಸಿಕಂ

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ನಮ್ಮ ಕ್ಲಾಸಿನಲ್ಲಿ ಓಡಾಡುವ ಅಂಥ ಕಥೆಗಳಲ್ಲಿ ಅರ್ಧ ನಾನೇ ಹುಟ್ಟಿಸಿದವು, ನಂಬುವುದು ಹೇಗೆ? ಹೋದ ವರ್ಷ ನನ್ನ ಹದಿನಾರನೇ ಹುಟ್ಟುಹಬ್ಬದ ಮಧ್ಯಾಹ್ನ ಕೊಚ್ಚಿಯಲ್ಲಿ ನಡೆದದ್ದನ್ನು ಮಾತ್ರ ನಾನು ಹುಟ್ಟಿಸಿಲ್ಲ.

ಅದಕ್ಕೆ ಎಂಟು ತಿಂಗಳ ಹಿಂದೆ, ತಿರುವನಂತಪುರದ ಹತ್ತಿರದ ಕಳಕ್ಕೂಟಂನಲ್ಲಿ ಕೆಲಸಕ್ಕಿದ್ದ ನನ್ನ ಶುಭಕ್ಕ ಸ್ಕೂಟರ್ ಅಪಘಾತದಲ್ಲಿ ಹೋಗಿಬಿಟ್ಟಿದ್ದಳು. ಅಂದಿನಿಂದ ಕೊಚ್ಚಿಯ ಪಕ್ಕದ ತ್ರಿಪ್ಪುಣಿತ್ತುರದ ನಮ್ಮ ಮನೆಯಲ್ಲಿ ಅಪ್ಪ ಅವಳ ಹೆಸರೆತ್ತಿರಲಿಲ್ಲ. ನಾನು ಎತ್ತಿದರೆ ಎದ್ದು ಹೋಗುತ್ತಿದ್ದರು. ಅಕ್ಕ ಇದ್ದದ್ದೇ ಸುಳ್ಳೇನೋ ಅನಿಸುತ್ತಿತ್ತು. ಒಮ್ಮೆಯಾದರೂ ಅವರ ಬಾಯಲ್ಲಿ ಆ ಹೆಸರು ಕೇಳಬೇಕಿತ್ತು ನನಗೆ.

ಹುಟ್ಟುಹಬ್ಬದ ಊಟಕ್ಕೆ ಅಮ್ಮ ಬರಲಿಲ್ಲ. ಅಪ್ಪನನ್ನು ನಾನು ಎಳೆದೊಯ್ದದ್ದು ಆರು ಟೇಬಲ್ಲಿನ ಚೈನೀಸ್ ಹೋಟೆಲಿಗೆ. ಗೋಡೆ ತುಂಬ ಮಾರಾಟದ ಚಿತ್ರಗಳು. ಆರ್ಟ್ ಗ್ಯಾಲರಿಯೂ ಅದೇ. ಚಿತ್ರ ನೋಡಲು ಬಂದವರು ಊಟಕ್ಕೆ ಕೂತವರ ತಲೆಯ ಮೇಲಿಂದ ಬಗ್ಗಿ ನೋಡಬೇಕು. ಹಾಗೆ ಬಗ್ಗಿದ ಹೆಂಗಸೊಬ್ಬರ ದುಪಟ್ಟಾ ನನ್ನ ಸೂಪಿನಲ್ಲಿ ಈಜಾಡಿ, ನನಗಿಂತ ಹೆಚ್ಚೇ ಕುಡಿದುಕೊಂಡು ಹೋಯಿತು.

"ಅಪ್ಪ, ಅವರ ದುಪಟ್ಟಾಗೂ ಒಂದು ಬೌಲ್ ಹೇಳೋಣ್ವಾ?"

ಅಪ್ಪ ನಗಲಿಲ್ಲ. ಫೋರ್ಕ್ ಹಿಡಿದು ನನ್ನ ಬೆನ್ನ ಹಿಂದಿನ ಗೋಡೆಯನ್ನೇ ನೋಡುತ್ತಿದ್ದರು.

"ತಿರುಗಿ ನೋಡೋ," ಎಂದರು.

ಚಿತ್ರದಲ್ಲಿ ಬೆನ್ನು ಹಾಕಿ ಕೂತ ಹುಡುಗಿ. ಚಾಪ್‌ಸ್ಟಿಕ್ ಎರಡನ್ನೂ ತುರುಬಿಗೆ ಸಿಕ್ಕಿಸಿಕೊಂಡು ಕೈಯಲ್ಲೇ ನೂಡಲ್ಸ್ ತಿನ್ನುತ್ತಿದ್ದಾಳೆ. ಭುಜದ ಪಕ್ಕ ಕಾಣುವ ತಟ್ಟೆಯ ಎಡ ಅಂಚಿನಲ್ಲಿ ಕ್ಯಾಪ್ಸಿಕಂ ಚೂರುಗಳ ಸಾಲು. ಅಕ್ಕ ಥೇಟ್ ಹಾಗೇ ತಿನ್ನುತ್ತಿದ್ದಳು. ಅವಳು ಆರಿಸಿಡುತ್ತಿದ್ದ ಚೂರುಗಳೆಲ್ಲ ಅವಳ ಎಡಕ್ಕೆ ಕೂರುತ್ತಿದ್ದ ನನ್ನ ಪಾಲು.

"ಶುಭಾ, ಮತ್ತೆ ಎತ್ತಿಟ್ಯಾ? ತಿನ್ನೇ ಅದನ್ನ," ಎಂದರು ಅಪ್ಪ, ಮನೆಯಲ್ಲಿ ಗದರುತ್ತಿದ್ದ ಅದೇ ದನಿಯಲ್ಲಿ. ಆಮೇಲೆ ಅತ್ತರು. ಬಗ್ಗಿ ನಿಂತಿದ್ದವರೆಲ್ಲ ಮೆಲ್ಲಗೆ ಸರಿದುಕೊಂಡರು.

ಚಿತ್ರ ಬಂದು ಎರಡು ವರ್ಷವಾಯಿತೆಂದರು ಮಾಲೀಕರು. ಬರೆದವರು ತಿರುವನಂತಪುರದ ಒಬ್ಬ ಅಜ್ಜ ಎಂದು ಅವರಿಗೆ ಫೋನ್ ಹಚ್ಚಿಕೊಟ್ಟರು. ಆ ಹುಡುಗಿ ಯಾರು, ಕ್ಯಾಪ್ಸಿಕಂ ಚೂರು ಯಾಕೆ ಎತ್ತಿಟ್ಟಿದ್ದಾಳೆ ಎಂದು ನನ್ನ ಹರಕು ಮಲಯಾಳದಲ್ಲಿ ಕೇಳಿದೆ. ಯಾರನ್ನೂ ನೋಡಿ ಬರೆದದ್ದಲ್ಲವಂತೆ.

"ಆದರೆ ತಟ್ಟೆಯ ಅಂಚಿನಲ್ಲಿ ನಾನೇನೂ ಬರೆದಿಲ್ಲವಲ್ಲ, ಮಗನೇ," ಎಂದರು ಅವರು.

ಮಾಲೀಕರು ಚಿತ್ರದ ಹತ್ತಿರ ಹೋಗಿ ನೋಡಿದರು. ಚೂರುಗಳು ಇದ್ದವು. ಅಜ್ಜನಿಗೆ ಮರೆವಿರಬಹುದು. ಇಲ್ಲದೆಯೂ ಇರಬಹುದು. ಇವತ್ತಿಗೂ ನನಗೆ ಬಗೆಹರಿದಿಲ್ಲ.

ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ಕೇಳಿದಳು, "ಇಬ್ರದ್ದೂ ಊಟ ಆಯ್ತಾ?"

ಅಪ್ಪ ಚಪ್ಪಲಿ ಬಿಡುತ್ತ ಹೇಳಿದರು, "ಮೂರು ಜನದ್ದೂ ಆಯ್ತು ಕಣೇ. ಶುಭಾನೂ ಇದ್ಲು."