ಜಂಕ್ಷನ್ ಕಟ್ಟಡದ ಇಡೀ ಫೋಟೋ

ಮಹಡಿಯ ಮೂರನೆಯ ಕಿಟಕಿಯ ಸರಳಿಗೆ ಯಾರೋ ಮೈ ಒರೆಸುವ ಒಂದು ಬೈರಾಸು ಒಣಗಲು ಹಾಕಿದ್ದಾರೆ. ಫೋಟೋದಲ್ಲಿ ಅದರ ಅಂಚಿನ ಗೆರೆಗಳೂ ಕಾಣುತ್ತವೆ. ಆ ಕಟ್ಟಡವನ್ನು ಅಷ್ಟು ಸ್ಪಷ್ಟವಾಗಿ ಹಿಡಿದ ಬೇರೆ ಚಿತ್ರ ನಮಗೆ ಸಿಕ್ಕಿರಲಿಲ್ಲ.

ಹೊಸಂಗಡಿ ಜಂಕ್ಷನ್ನಿನಲ್ಲಿದ್ದ ಹಂಚಿನ ಮಾಡಿನ ಆ ಹಳೆಯ ಕಟ್ಟಡ ಹೆದ್ದಾರಿ ಅಗಲ ಮಾಡುವಾಗ ಹೋಯಿತು. ಈಗ ಅಲ್ಲಿ ಸರ್ವಿಸ್ ರಸ್ತೆ. ಊರಿನ ವಾಚನಾಲಯದ ಗೋಡೆಗೆ ಅದರ ಫೋಟೋಗಳು ಬೇಕೆಂದು ಕಾರ್ಯದರ್ಶಿ, ಒಬ್ಬರು ನಿವೃತ್ತ ಮೇಷ್ಟ್ರು, ವಾಟ್ಸಾಪಿನಲ್ಲಿ ಕೇಳಿದ್ದರು. ಬಂದವನ್ನು ಸ್ಕ್ಯಾನ್ ಮಾಡುವ ಕೆಲಸ ನನ್ನದು. ಒಂದರಲ್ಲಿ ಬಸ್ಸು ಅಡ್ಡ, ಇನ್ನೊಂದರಲ್ಲಿ ಚುನಾವಣೆಯ ಬ್ಯಾನರು. ಇಡೀ ಕಟ್ಟಡ ಇದ್ದದ್ದು ನಮ್ಮ ಮನೆಯ ಫೋಟೋದಲ್ಲಿ ಮಾತ್ರ.

ಅದು ಅಜ್ಜಿಯ ಅಮ್ಮನ ಶವಯಾತ್ರೆಯ ಫೋಟೋ. ನಮ್ಮಂಥ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ತೀರಿಹೋದವರ ಸುತ್ತ ಎಲ್ಲರೂ ನಿಂತು ಫೋಟೋ ತೆಗೆಸಿಕೊಳ್ಳುವ ಕ್ರಮವಿತ್ತು. ಸ್ಟುಡಿಯೋ ಇದ್ದದ್ದು ಆ ಕಟ್ಟಡದ ಮಹಡಿಯಲ್ಲಿ. ಭಾರದ ಕ್ಯಾಮೆರಾ ಹೊತ್ತು ಫೋಟೋಗ್ರಾಫರ್ ಮನೆಗಳಿಗೆ ಬರುತ್ತಿರಲಿಲ್ಲವಂತೆ. ಚರ್ಚಿಗೆ ಹೋಗುವ ದಾರಿಯಲ್ಲಿ ಶವಪೆಟ್ಟಿಗೆಯನ್ನೇ ಕಟ್ಟಡದ ಎದುರು ಇಳಿಸಿ, ಮುಖ ಕಾಣುವಂತೆ ತಲೆಯ ಕಡೆ ಸ್ವಲ್ಪ ಎತ್ತಿ ಹಿಡಿಯುತ್ತಿದ್ದರು. ಅಂದು ಜನ ಹೆಚ್ಚಿದ್ದುದರಿಂದ ಫೋಟೋಗ್ರಾಫರ್ ರಸ್ತೆ ದಾಟಿ ಎದುರಂಗಡಿಯ ಮೆಟ್ಟಿಲು ಹತ್ತಿದ್ದಾರೆ. ಕಟ್ಟಡ ಇಡಿಯಾಗಿ ಬಂದದ್ದು ಹಾಗೆ.

“ಎಂತ ಮಾರಾಯ್ತಿ, ಹೆಣ ತಂದಿದ್ದೀಯಲ್ಲ!” ಎಂದರು ಕಾರ್ಯದರ್ಶಿ. “ಕಟ್ಟಡ ಫಸ್ಟ್ ಕ್ಲಾಸ್ ಉಂಟು. ಕೆಳಗಿನದ್ದು ಕಟ್ ಮಾಡು. ಇಲ್ಲಿ ಪೇಪರ್ ಓದ್ಲಿಕ್ಕೆ ಬರುವವರೆಲ್ಲ ಮುದುಕರು, ನಾನೂ ಸೇರಿ. ಹೆದರಿಸ್ಬೇಡ.”

ಲ್ಯಾಪ್‌ಟಾಪಿನಲ್ಲಿ ಕತ್ತರಿಸಿದೆ. ಪೆಟ್ಟಿಗೆ ಕೆಳಗಿನ ಅಂಚಿನಲ್ಲೇ ಇದ್ದುದರಿಂದ ಕೆಲಸ ಸುಲಭವಾಯಿತು. ಸಂಜೆ ಅಜ್ಜಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು, ಲಂಗ ತೊಟ್ಟ ತಮ್ಮನ್ನೂ ಅಣ್ಣಂದಿರನ್ನೂ ಗುರುತಿಸಿದರು. ಆಮೇಲೆ ಕೇಳಿದರು:

“ಇವರೆಲ್ಲ ತಲೆ ಬಗ್ಗಿಸಿ ಎಂತ ನೋಡುದು?”

“ಕೆಳಗಿನ ಭಾಗ ತೆಗೆದಿದ್ದೇನೆ ಅಜ್ಜಿ. ಅವರಿಗೆ ಕಟ್ಟಡ ಮಾತ್ರ ಸಾಕಂತೆ.”

“ಕಟ್ಟಡದ್ದು ಬೇರೆ ಫೋಟೋ ಇಲ್ವಾ?”

“ಇಡೀ ಕಾಣುವಂಥದ್ದು ಇಲ್ಲ.”

“ಅಮ್ಮಂದೂ ಬೇರೆ ಇಲ್ಲ.”

ಅದು ನನಗೆ ಗೊತ್ತಿರಲಿಲ್ಲ. ಬದುಕಿದ್ದಾಗ ಆಕೆ ಒಮ್ಮೆಯೂ ಆ ಸ್ಟುಡಿಯೋದ ಮೆಟ್ಟಿಲು ಹತ್ತಿರಲಿಲ್ಲವಂತೆ. ಮೂಲ ಫೋಟೋದ ಮೇಲೆ ಅಜ್ಜಿ ಅಂಗೈ ಇಟ್ಟುಕೊಂಡರು.

“ಹಾಕುದಾದ್ರೆ ಅಮ್ಮ ಇರ್ಲಿ. ಊರಿನವರು ನೋಡ್ಲಿ ಅವಳನ್ನು. ಇಲ್ಲದಿದ್ರೆ ಕಟ್ಟಡವೂ ಬೇಡ.”

ಮನೆಯ ಸಾವನ್ನು ನಾಲ್ಕು ಜನ ಕೂರುವಲ್ಲಿ ತೂಗುಹಾಕುವುದು ನನ್ನ ಸ್ವಭಾವಕ್ಕೆ ಒಗ್ಗುವುದಿಲ್ಲ. ಆದರೆ ಫೋಟೋ ನನ್ನದಲ್ಲ.

ಮರುದಿನ ಬೆಳಿಗ್ಗೆ ಉಪ್ಪಳಕ್ಕೆ ಹೋಗಿ ಇಡೀ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಫ್ರೇಮ್ ಮಾಡಿಸಿ, ವಾಚನಾಲಯಕ್ಕೆ ಒಯ್ದೆ. ಅಜ್ಜಿ ಹೇಳಿದ್ದನ್ನು ಹಾಗೆಯೇ ಹೇಳಿದೆ. ಕಾರ್ಯದರ್ಶಿ ಸ್ವಲ್ಪ ಹೊತ್ತು ಫೋಟೋ ನೋಡಿದರು.

“ಕೆಳಗೆ ಎಂತಾದ್ರೂ ಬರೀಬೇಕಲ್ಲ. ಕೇಳ್ತಾರೆ ಜನ.”

‘ಹೊಸಂಗಡಿ ಜಂಕ್ಷನ್ನಿನ ಹಳೆಯ ಕಟ್ಟಡ’ ಎಂದು ಬರೆದೆ. ಅದರಡಿ, ‘ಕೆಳಗೆ ಮಧ್ಯದಲ್ಲಿರುವವರು ನನ್ನ ಅಜ್ಜಿಯ ಅಮ್ಮ’ ಎಂದು ಸೇರಿಸಿದೆ. ಆಮೇಲೆ ಬೆಂಚು ಎಳೆದು ಹತ್ತಿ, ಮೊಳೆ ಹೊಡೆದೆ.